ಕೈ ಬಿಗಿಯಿದ್ದಾಗ ಮನಸ್ಸು ಹಗುರ ಇಟ್ಟುಕೊಳ್ಳುವುದು ಹೇಗೆ?

ತಿಂಗಳ ಇಪ್ಪತ್ತನೇ ತಾರೀಕು ದಾಟಿತೆಂದರೆ ಮುಂಬೈಯ ಎಷ್ಟೋ ಕನ್ನಡದ ಮನೆಗಳಲ್ಲಿ ಮಾತು ಕಡಿಮೆಯಾಗುತ್ತದೆ. ಡೊಂಬಿವಲಿಯ ವನ್ ಆರ್‌ಕೆ (ಒಂದು ಕೋಣೆ, ಒಂದು ಅಡುಗೆ ಮನೆ) ಇರಲಿ, ಘಾಟ್‌ಕೋಪರಿನ ಚಾಳ್ ಇರಲಿ, ಮೀರಾ ರೋಡಿನ ಬಾಡಿಗೆ ಫ್ಲಾಟ್ ಇರಲಿ, ಕಥೆ ಒಂದೇ. ಬಾಡಿಗೆ ಕೊಟ್ಟಾಯಿತು, ಶಾಲೆಯ ಫೀಸು ಕಟ್ಟಿದ್ದಾಯಿತು, ಊರಿಗೆ ಕಳಿಸಬೇಕಾದ್ದು ಕಳಿಸಿಯಾಯಿತು. ಇನ್ನುಳಿದ ಹತ್ತು ದಿನಕ್ಕೆ ಕೈಯಲ್ಲಿ ಎಷ್ಟಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಕೇಳಲು ಭಯ, ಕೇಳಿದರೆ ಜಗಳ.

ಇಂಥ ಹೊತ್ತಲ್ಲಿ ‘ಪಾಸಿಟಿವ್ ಆಗಿರಿ’ ಅಂತ ಉಪದೇಶ ಮಾಡುವವರು ಬಹಳ ಮಂದಿ. ಮನಸ್ಸಿಗೆ ಸುಮ್ನೆ ಹೇಳಿದರೆ ಅದು ಕೇಳುವುದಿಲ್ಲ. ದುಡ್ಡಿನ ಚಿಂತೆ ತಲೆಯೊಳಗೆ ನಿಜವಾಗಿಯೂ ಜಾಗ ಹಿಡಿಯುತ್ತದೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನಕ್ಕಾಗಿ ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಎರಡು ಸಲ ಬುದ್ಧಿಪರೀಕ್ಷೆ ಕೊಟ್ಟಿದ್ದರು. ಕಟಾವಿಗೆ ಮುಂಚೆ, ಕೈ ಖಾಲಿಯಿದ್ದಾಗ ಒಮ್ಮೆ. ಕಟಾವು ಮುಗಿದು ಹಣ ಬಂದ ಮೇಲೆ ಇನ್ನೊಮ್ಮೆ. ಅದೇ ರೈತರು ಎರಡನೇ ಸಲ ಚೆನ್ನಾಗಿ ಮಾಡಿದರು. ಹಾಗಾಗಿ ಕೈ ಬಿಗಿಯಿದ್ದಾಗ ಮರೆವು, ಸಿಡುಕು, ಅವಸರದ ತೀರ್ಮಾನ ಜಾಸ್ತಿಯಾದರೆ ಅದು ನಿಮ್ಮ ಸ್ವಭಾವದ ದೋಷವಲ್ಲ. ತಲೆ ತುಂಬಿಹೋಗಿದೆ, ಅಷ್ಟೆ.

ಅದಕ್ಕೇ ಇಲ್ಲಿ ಮುಂದೆ ಹೇಳುವ ಹೆಚ್ಚಿನ ಕೆಲಸಗಳ ಗುರಿ ಒಂದೇ. ಲೆಕ್ಕವನ್ನು ತಲೆಯಿಂದ ಇಳಿಸಿ ಬೇರೆ ಕಡೆ ಇಡುವುದು.

ಮೊದಲು: ಚಿಂತೆಗೆ ಒಂದು ಹೊತ್ತು ಗೊತ್ತುಮಾಡಿ

ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. ಭಾನುವಾರ ತಿಂಡಿ ಮುಗಿದ ಮೇಲೆ ಹೆಚ್ಚಿನವರಿಗೆ ಅನುಕೂಲ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಪುಟದಲ್ಲಿ ಕೈಯಲ್ಲಿರುವುದು, ಬಲಗಡೆ ಪುಟದಲ್ಲಿ ಮುಂದಿನ ವಾರ ಕೊಡಬೇಕಾದ್ದು. ಗಂಡ ಹೆಂಡತಿ ಇಬ್ಬರೂ ಕೂತುಕೊಳ್ಳಬೇಕು. ಒಬ್ಬರೇ ಬರೆದರೆ ಭಾರವೂ ಒಬ್ಬರದೇ ಆಗುತ್ತದೆ.

ಇದಕ್ಕೊಂದು ಕಟ್ಟುನಿಟ್ಟು ಇರಲಿ. ತುರ್ತು ಇಲ್ಲದಿದ್ದರೆ ಆ ಅರ್ಧ ಗಂಟೆ ಬಿಟ್ಟು ಬೇರೆ ಹೊತ್ತಿನಲ್ಲಿ ದುಡ್ಡಿನ ಮಾತು ಎತ್ತುವಂತಿಲ್ಲ. ರಾತ್ರಿ ಹತ್ತಕ್ಕೆ ಲೋಕಲ್‌ನಲ್ಲಿ ಜೋತುಬಿದ್ದು ಮನೆಗೆ ಬಂದವರಿಗೆ ಬಾಗಿಲಲ್ಲೇ ‘ರೀ, ಸೊಸೈಟಿಯವರು ಮೆಂಟೆನೆನ್ಸ್ ಕೇಳಿದ್ರು’ ಅಂದರೆ ಆ ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ. ಅದರ ಬದಲು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡಿ. ಭಾನುವಾರ ಅದು ತಾನಾಗಿಯೇ ಎದುರಿಗೆ ಬರುತ್ತದೆ. ಚಿಂತೆ ಇಲ್ಲದಂತೆ ಆಗುವುದಿಲ್ಲ, ಆದರೆ ವಾರದ ಉಳಿದ ದಿನ ಅದು ಊಟದ ತಟ್ಟೆಯ ಪಕ್ಕ ಬಂದು ಕೂರುವುದಿಲ್ಲ.

ಎರಡನೆಯದು: ಅಡುಗೆ ಮನೆಯ ದುಡ್ಡು ಐದು ಪಾಲು

ತಿಂಗಳ ಕೊನೆಯ ಸಂಕಟಕ್ಕೆ ಒಂದು ಸಣ್ಣ ಕಾರಣ ಇದೆ. ನಾವು ತಿಂಗಳಿಗೆ ನಾಲ್ಕು ವಾರ ಅಂತ ಲೆಕ್ಕ ಹಾಕುತ್ತೇವೆ. ಫೆಬ್ರವರಿ ಬಿಟ್ಟರೆ ಬೇರೆ ಯಾವ ತಿಂಗಳೂ ನಾಲ್ಕು ವಾರಕ್ಕೆ ಮುಗಿಯುವುದಿಲ್ಲ. ಆ ಹೆಚ್ಚಿನ ಎರಡು ಮೂರು ದಿನವೇ ಸಾಲ ಮಾಡಿಸುವುದು.

ಉದಾಹರಣೆಗೆ ದಿನಸಿ, ಹಾಲು, ತರಕಾರಿ ಎಲ್ಲ ಸೇರಿ 9,000 ರೂಪಾಯಿ ಅಂತಿಟ್ಟುಕೊಳ್ಳಿ. ನಾಲ್ಕು ಪಾಲು ಮಾಡಿದರೆ ವಾರಕ್ಕೆ 2,250. ಹಾಗೆ ಮಾಡಬೇಡಿ. ನಾಲ್ಕು ವಾರಕ್ಕೆ ತಲಾ 2,000 ಇಟ್ಟು ಐದನೆಯ ಡಬ್ಬಿಗೆ 1,000 ಹಾಕಿ. ಅದು ಕೊನೆಯ ದಿನಗಳಿಗೆ, ಇಲ್ಲವೇ ಹೇಳದೇ ಕೇಳದೇ ಬಂದ ನೆಂಟರಿಗೆ.

ಈಗ ಭಾಜಿವಾಲಿಯೂ ಸ್ಕ್ಯಾನರ್ ಇಟ್ಟಿರುತ್ತಾಳೆ. ಫೋನಲ್ಲಿ ಹೋಗುವ ದುಡ್ಡು ಹೋಗಿದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೆ ಯುಪಿಐ ಲೈಟ್, ಅಂದರೆ ಯುಪಿಐ ಆ್ಯಪ್‌ನೊಳಗೇ ಇರುವ ಸಣ್ಣ ಪರ್ಸು, ಒಳ್ಳೆಯ ದಾರಿ. ಅದರಲ್ಲಿ ಒಮ್ಮೆಗೆ 5,000ದವರೆಗೆ ಇಡಬಹುದು, ಒಂದು ಸಲಕ್ಕೆ 1,000ದವರೆಗೆ ಕೊಡಬಹುದು. ಪ್ರತಿ ಸೋಮವಾರ ವಾರದ 2,000 ಅದಕ್ಕೆ ಹಾಕಿಬಿಡಿ. ತರಕಾರಿ, ಹಾಲು, ಬ್ರೆಡ್ಡು ಎಲ್ಲ ಅದರಿಂದಲೇ. ಎಷ್ಟು ಉಳಿದಿದೆ ಅಂತ ಕಣ್ಣೆದುರೇ ಕಾಣುತ್ತದೆ. ತಾನಾಗಿಯೇ ತುಂಬಿಕೊಳ್ಳುವ ಆಟೊ ಟಾಪ್‌ಅಪ್ ಮಾತ್ರ ಬಂದ್ ಮಾಡಿಡಿ, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನ ಇಲ್ಲ.

ಮೂರನೆಯದು: ಊಟಕ್ಕೆ ಕತ್ತರಿ ಹಾಕುವ ಮುಂಚೆ ಬೇರೆ ಕಡೆ ನೋಡಿ

ಉಳಿತಾಯ ಅಂದ ಕೂಡಲೇ ಮನೆಯ ಹೆಂಗಸು ಮೊದಲು ಕಡಿಮೆ ಮಾಡುವುದು ತನ್ನ ತಟ್ಟೆಯನ್ನು. ಹಾಲು ಮಕ್ಕಳಿಗೆ, ಮೊಟ್ಟೆ ಗಂಡನಿಗೆ, ತನಗೆ ಉಳಿದದ್ದು. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಹೊಟ್ಟೆ ಅರೆಬರೆ ಇರುವವರಿಗೆ ಮನಸ್ಸು ಗಟ್ಟಿ ಇರು ಅಂದರೆ ಎಲ್ಲಿಂದ ಬರಬೇಕು? ಆದ್ದರಿಂದ ಊಟ ಮುಟ್ಟುವ ಮುಂಚೆ ಈ ನಾಲ್ಕು ಕಡೆ ನೋಡಿ.

ಕರೆಂಟ್ ಬಿಲ್ಲು. ಬಿಲ್ಲಿನ ಹಿಂದೆ ಮುಂದೆ ತಿರುಗಿಸಿ ಸ್ಲ್ಯಾಬ್ ನೋಡಿ. 0ರಿಂದ 100 ಯೂನಿಟ್ ಒಂದು ದರ, 101ರಿಂದ 300 ಇನ್ನೊಂದು. ನೂರು ದಾಟಿದ ಯೂನಿಟ್ಟುಗಳಿಗೆ ದರ ಒಮ್ಮೆಲೇ ಏರುತ್ತದೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ. ಎರಡು ಫ್ಯಾನ್ ದಿನಕ್ಕೆ ಹದಿನೈದು ಗಂಟೆ ತಿರುಗಿದರೆ ತಿಂಗಳಿಗೆ 67 ಯೂನಿಟ್. ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು, ಎರಡಕ್ಕೂ ಸೇರಿ 27 ಯೂನಿಟ್. ನಲವತ್ತು ಯೂನಿಟ್ ಉಳಿದರೆ ಸಣ್ಣ ಮನೆಯ ಬಿಲ್ಲು ಕೆಳಗಿನ ಸ್ಲ್ಯಾಬಿಗೆ ಹತ್ತಿರ ಬರುತ್ತದೆ. ಎರಡನ್ನೂ ಒಟ್ಟಿಗೆ ಕೊಳ್ಳಬೇಕಿಲ್ಲ, ಜಾಸ್ತಿ ಹೊತ್ತು ತಿರುಗುವ ಫ್ಯಾನನ್ನು ಮೊದಲು ಬದಲಿಸಿ.

ಟ್ರೇನ್ ಪಾಸು. ಮೂರು ತಿಂಗಳ ಪಾಸಿಗೆ ತಿಂಗಳ ಪಾಸಿನ 2.7 ಪಟ್ಟು ದರ, ವರ್ಷದ್ದಕ್ಕೆ 10.8 ಪಟ್ಟು. ತಿಂಗಳ ಪಾಸಿಗೆ 200 ರೂಪಾಯಿ ಅಂತಿಟ್ಟುಕೊಂಡರೆ ಮೂರು ತಿಂಗಳಿಗೆ 600ರ ಬದಲು 540. ಕೈಯಲ್ಲಿ ಒಟ್ಟಿಗೆ ದುಡ್ಡಿದ್ದವರಿಗೆ ಎಲ್ಲವೂ ಅಗ್ಗ, ಇಲ್ಲದವರಿಗೆ ಎಲ್ಲವೂ ತುಟ್ಟಿ. ಇದು ಅನ್ಯಾಯವೇ, ಆದರೂ ಒಮ್ಮೆ ಹೇಗಾದರೂ ಮೂರು ತಿಂಗಳ ಪಾಸಿಗೆ ಬಂದುಬಿಟ್ಟರೆ ಆಮೇಲೆ ಸುಲಭ. ಬಸ್ಸಿನಲ್ಲಿ ಓಡಾಡುವವರು ಇನ್ನೂ ಜಾಗ್ರತೆಯಾಗಿ ಲೆಕ್ಕ ಹಾಕಬೇಕು. 2025ರ ಮೇ ತಿಂಗಳಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರ 5ರಿಂದ 10 ರೂಪಾಯಿಗೆ ಏರಿತು. ಸ್ಟೇಷನ್ನಿಗೆ ಹೋಗಿ ಬರಲು ದಿನಾ ಎರಡು ಸ್ಟಾಪ್ ಬಸ್ಸು ಹಿಡಿಯುತ್ತಿದ್ದವರು ನಡೆದರೆ ತಿಂಗಳಿಗೆ ಸುಮಾರು 500 ರೂಪಾಯಿ ಉಳಿಯುತ್ತದೆ.

ರೇಷನ್. ಊರಿನಲ್ಲಿ ಬಿಪಿಎಲ್ ಕಾರ್ಡ್ ಇದ್ದು ಇಲ್ಲಿ ದುಡಿಯುತ್ತಿರುವವರು ಗಮನಿಸಿ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು, ಅಂದರೆ ತಲೆಗೆ 5 ಕೆ.ಜಿ.ಯನ್ನು, ಮುಂಬೈಯ ರೇಷನ್ ಅಂಗಡಿಯಲ್ಲೂ ಪಡೆಯಬಹುದು. 2023ರ ಜನವರಿಯಿಂದ ಅದು ಉಚಿತ. ವಿಜಯಪುರದಲ್ಲಿ ಅಪ್ಪ ಅಮ್ಮ ತಮ್ಮ ಪಾಲು ತೆಗೆದುಕೊಂಡರೂ ಇಲ್ಲಿ ನೀವು ನಿಮ್ಮ ಪಾಲು ತೆಗೆದುಕೊಳ್ಳಬಹುದು. ಕಾರ್ಡಿಗೆ ಆಧಾರ್ ಜೋಡಣೆ ಆಗಿರಬೇಕು. ಕೇಳಲು ನಾಚಿಕೆ ಬೇಡ, ಅದು ಕಾನೂನು ಕೊಟ್ಟ ಹಕ್ಕು.

ಔಷಧಿ. ಬಿಪಿ, ಶುಗರ್ ಮಾತ್ರೆಗಳು ತಿಂಗಳು ತಿಂಗಳು ಬೇಕಾಗುವವರು ಡಾಕ್ಟರನ್ನು ಕೇಳಿ, ಕಡಿಮೆ ಬೆಲೆಗೆ ಔಷಧಿ ಸಿಗುವ ಸರ್ಕಾರದ ಜನೌಷಧಿ ಕೇಂದ್ರದಿಂದ ತನ್ನಿ.

ನಾಲ್ಕನೆಯದು: ಅಡುಗೆ ಬಡವಾಗಬೇಕಿಲ್ಲ

ಈ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೀರೆಕಾಯಿ ತಂದರೆ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಸಿಪ್ಪೆಯನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಉದ್ದಿನ ಬೇಳೆ, ಒಣಮೆಣಸು, ಚೂರು ಹುಣಸೆಹಣ್ಣು ಹಾಕಿ ರುಬ್ಬಿದರೆ ಎರಡು ಹೊತ್ತಿಗೆ ಬರುತ್ತದೆ. ಕಲ್ಲಂಗಡಿಯ ಕೆಂಪು ತಿಂದು ಬಿಳಿ ಭಾಗವನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ಯುವುದು ಕರಾವಳಿಯ ಮನೆಗಳಲ್ಲಿ ಹೊಸದೇನಲ್ಲ. ಬಸ್ಸಾರು ಮಾಡಿದ ದಿನ ಒಂದೇ ಕಟ್ಟು ಸೊಪ್ಪಿನಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು.

ಮುಂಬೈಯಲ್ಲಿ ಕಷ್ಟ ಇರುವುದು ಮಳೆಗಾಲದಲ್ಲಿ. ಜೂನ್ ಕಳೆದ ಮೇಲೆ ಕೊತ್ತಂಬರಿ ಜೂಡಿಯ ಬೆಲೆ ಕೇಳಿ ಗಾಬರಿಯಾಗುತ್ತದೆ. ಆ ಮೂರು ತಿಂಗಳು ಹೆಸರುಕಾಳು, ಮಡಕಿ, ಹುರುಳಿ ಮೊಳಕೆ ಕಟ್ಟಿ. ಹುರುಳಿ ಬೇಯಿಸಿದ ಕಟ್ಟಿನಲ್ಲಿ ಸಾರು ಮಾಡಿದರೆ ಹೊರಗೆ ಸುರಿಯುವ ಮಳೆಗೆ ಅದಕ್ಕಿಂತ ರುಚಿ ಬೇರೆ ಬೇಕೇ? ತರಕಾರಿಗೆ ರಾತ್ರಿ ಎಂಟೂವರೆ ಮೇಲೆ ಸ್ಟೇಷನ್ ಹೊರಗಿನ ಗಾಡಿಗಳಿಗೆ ಹೋಗಿ. ಬುಟ್ಟಿ ಖಾಲಿ ಮಾಡಿ ಮನೆಗೆ ಹೊರಡುವ ಹೊತ್ತಿನಲ್ಲಿ ಪಾವ್ ಕಿಲೋ ದರಕ್ಕೆ ಅರ್ಧ ಕಿಲೋ ಕೊಡುವವರೂ ಇರುತ್ತಾರೆ. ಆದರೆ ದಿನಾ ಬಿಸಿಲು ಮಳೆಯಲ್ಲಿ ಕೂತವಳ ಜೊತೆ ಎರಡು ರೂಪಾಯಿಗೆ ಜಗಳ ಆಡಬೇಡಿ. ಅವಳ ಮನೆಯ ಲೆಕ್ಕವೂ ನಮ್ಮದರಷ್ಟೇ ಬಿಗಿ.

ಐದನೆಯದು: ‘ಇಲ್ಲ’ ಅನ್ನುವ ಬದಲು ಸರದಿ ಹಚ್ಚಿ

ಮಕ್ಕಳ ಮುಂದೆ ಪದೇ ಪದೇ ‘ದುಡ್ಡಿಲ್ಲ’ ಅಂದರೆ ಮಗುವಿನ ಮನಸ್ಸಿನಲ್ಲಿ ಹೆದರಿಕೆ ಕೂರುತ್ತದೆ. ಏನೂ ಹೇಳದೆ ಸಾಲ ಮಾಡಿ ತಂದುಕೊಟ್ಟರೆ ಹೆದರಿಕೆ ನಮ್ಮ ಮನಸ್ಸಿನಲ್ಲಿ. ನಡುವಿನ ದಾರಿ ಅಂದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮನೆಯ ಎಲ್ಲರ ಆಸೆಗಳ ಪಟ್ಟಿ. ಹೆಸರು, ಬೇಕಾದ ವಸ್ತು, ಎಷ್ಟಾಗುತ್ತದೆ, ಯಾವ ತಿಂಗಳು.

‘ಅಮ್ಮಾ, ನನ್ನ ಬೂಟು?’

‘ಗಣಪತಿ ಆದ ವಾರ ನಿನ್ನ ಸರದಿ ಕಣೋ. ಇಲ್ಲಿ ಬರೆದಿದೆ ನೋಡು. ಅದರ ಮುಂಚೆ ಅಕ್ಕನ ಪುಸ್ತಕ.’

ಹತ್ತು ವರ್ಷದ ಹುಡುಗನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಬರೆದ ತಾರೀಕು ತಪ್ಪಬಾರದು. ತಪ್ಪುವಂತಿದ್ದರೆ ಭಾನುವಾರದ ಲೆಕ್ಕಕ್ಕೆ ಅವನನ್ನೂ ಕೂರಿಸಿಕೊಂಡು ಯಾಕೆ ಅಂತ ತೋರಿಸಿ. ಮತ್ತೆ, ಆ ಪಟ್ಟಿಯಲ್ಲಿ ಅಮ್ಮನ ಹೆಸರೂ ಇರಬೇಕು. ‘ನನಗೇನು ಬೇಕು ಬಿಡಿ’ ಅನ್ನುವುದನ್ನು ದಯವಿಟ್ಟು ಬಿಡಿ.

ಆರನೆಯದು: ಊರಿನ ಲೆಕ್ಕ ಬೇರೆ ಇಡಿ

ಮುಂಬೈ ಕನ್ನಡಿಗರ ಬಜೆಟ್ಟಿನಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಖರ್ಚಿದೆ. ಊರು. ಮೇ ತಿಂಗಳ ರಜೆ, ಜಾತ್ರೆ, ಭೂತಕೋಲ, ಮದುವೆಯ ಮುಯ್ಯಿ, ತಂಗಿಯ ಮಕ್ಕಳಿಗೆ ಬಟ್ಟೆ. ‘ಮುಂಬೈಯವರು ಬಂದ್ರು’ ಅಂದರೆ ಚೀಲ ತುಂಬಿರಲೇಬೇಕು ಅಂತ ಅಲ್ಲಿಯವರ ಎಣಿಕೆ. ಇಲ್ಲಿ ನಾವು ಹತ್ತಡಿ ಕೋಣೆಯಲ್ಲಿ ನಾಲ್ಕು ಜನ ಮಲಗುವುದು ಅವರಿಗೆ ಗೊತ್ತಿಲ್ಲ, ನಾವೂ ಹೇಳಿಲ್ಲ.

ಹೇಳಬೇಕು ಅಂತ ನನ್ನ ಅಭಿಪ್ರಾಯ. ಎಲ್ಲರಿಗೂ ಬೇಡ, ಊರಲ್ಲಿ ನಂಬಿಕೆಯ ಒಬ್ಬರಿಗೆ, ಅಕ್ಕನಿಗೋ ದೊಡ್ಡಮ್ಮನಿಗೋ. ‘ಈ ವರ್ಷ ಬರುವುದೇ ಕಷ್ಟ, ಬಂದರೂ ಬರಿಗೈಯಲ್ಲಿ ಬರುತ್ತೇವೆ’ ಅಂತ ಮೊದಲೇ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಹೆಚ್ಚಿನವರು ‘ನೀವು ಬನ್ನಿ ಸಾಕು’ ಅಂತಲೇ ಹೇಳುತ್ತಾರೆ. ಊರಿಗೆಂದು ತಿಂಗಳಿಗೆ ಇಷ್ಟು ಅಂತ ಎತ್ತಿಡಿ. ಟಿಕೆಟ್ಟಿನ ವಿಷಯ ಮಾತ್ರ ತಡ ಮಾಡಬೇಡಿ. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕ್ಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಮಂಗಳೂರಿನ ಮತ್ಸ್ಯಗಂಧವೋ, ಕಲಬುರಗಿಯ ಕಡೆಗೆ ಉದ್ಯಾನ್ ಎಕ್ಸ್‌ಪ್ರೆಸ್ಸೋ, ತೆರೆದ ದಿನವೇ ಸ್ಲೀಪರ್ ಸಿಗದಿದ್ದರೆ ಮೇ ತಿಂಗಳಲ್ಲಿ ಖಾಸಗಿ ಬಸ್ಸಿಗೆ ಸುರಿಯಬೇಕಾಗುತ್ತದೆ.

ಏಳನೆಯದು: ಖುಷಿಗೂ ಒಂದು ಸಾಲು

ಬಜೆಟ್ಟಿನಲ್ಲಿ ಸಂತೋಷಕ್ಕೆ ಸೊನ್ನೆ ಬರೆದವರು ಎರಡನೇ ತಿಂಗಳಲ್ಲೇ ಬೇಸತ್ತು ನೋಟ್‌ಬುಕ್ ಬಿಸಾಡುತ್ತಾರೆ. ನೂರೋ ಇನ್ನೂರೋ, ಯಾರೂ ಲೆಕ್ಕ ಕೇಳದ ದುಡ್ಡು ಇಬ್ಬರಿಗೂ ಇರಲಿ. ಸ್ಟೇಷನ್ ಹೊರಗೆ ನಿಂತು ಒಂದು ವಡಾಪಾವ್ ತಿನ್ನಲು ಅಪ್ಪಣೆ ಬೇಕೇ?

ಟ್ರೇನ್ ಪಾಸು ಭಾನುವಾರವೂ ನಡೆಯುತ್ತದೆ ಅನ್ನುವುದು ಮರೆಯಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶ ಉಚಿತ, ಅಲ್ಲಿಂದ ನಡೆದು ಮರೀನ್ ಡ್ರೈವ್‌ಗೆ ಹೋಗಬಹುದು. ಠಾಣೆಯವರಿಗೆ ತಲಾವ್ ಪಾಳಿಯ ಕೆರೆದಂಡೆ ಇದೆ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ನಾಟಕ, ಹಾಡು, ಉಪನ್ಯಾಸ ನಡೆಯುತ್ತಿರುತ್ತವೆ, ಎಷ್ಟೋ ಕಾರ್ಯಕ್ರಮಗಳಿಗೆ ಟಿಕೆಟ್ ಇರುವುದಿಲ್ಲ. ನಾಲ್ಕು ಜನ ಕನ್ನಡದಲ್ಲಿ ‘ಏನು, ಬಹಳ ದಿನ ಆಯ್ತು ಕಾಣದೆ’ ಅಂತ ಕೇಳುವುದು ಮನಸ್ಸಿಗೆ ಎಷ್ಟು ಹಿತ ಅನ್ನುವುದು ಹೋಗಿ ಬಂದವರಿಗೇ ಗೊತ್ತು.

ಭಯ ಜಾಸ್ತಿಯಾದಾಗ

ದುಡಿಯುವ ಒಬ್ಬರಿಗೆ ಏನಾದರೂ ಆದರೆ ಮುಂದೇನು ಎಂಬ ಭಯ ಎಲ್ಲ ಭಯಗಳಿಗಿಂತ ದೊಡ್ಡದು. ಬ್ಯಾಂಕಿಗೆ ಹೋಗಿ ಎರಡು ಫಾರ್ಮ್ ತುಂಬಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತಕ್ಕೆ, 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ ಯಾವ ಕಾರಣದ ಸಾವಿಗೂ. ಎರಡರಲ್ಲೂ 2 ಲಕ್ಷದ ರಕ್ಷಣೆ. ಜೀವನ್ ಜ್ಯೋತಿಗೆ 50 ವರ್ಷದೊಳಗೆ ಸೇರಬೇಕು.

ನಿದ್ದೆ ಬಾರದೆ ವಾರಗಳಾದರೆ, ಯಾವುದರಲ್ಲೂ ಆಸೆ ಇಲ್ಲದಂತಾದರೆ, ಬದುಕೇ ಸಾಕು ಅನ್ನಿಸಿದರೆ ಅದನ್ನು ಬರೀ ದುಡ್ಡಿನ ಚಿಂತೆ ಅಂತ ತಳ್ಳಿಹಾಕಬೇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಯಿತು. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಸಾಲ ಕೊಟ್ಟವರ ಕಾಟ ಇದ್ದರೆ ಮನೆಯವರಿಂದ ಮುಚ್ಚಿಡಬೇಡಿ. ಅದರಲ್ಲೂ ಕ್ರೆಡಿಟ್ ಕಾರ್ಡಿನ ಪೂರ್ತಿ ಬಾಕಿ ಬಿಟ್ಟು ಬರೀ ‘ಮಿನಿಮಮ್ ಡ್ಯೂ’, ಅಂದರೆ ಕನಿಷ್ಠ ಮೊತ್ತ, ಕಟ್ಟುತ್ತ ಹೋಗುವುದು ಅಪಾಯ. ಹೆಚ್ಚಿನ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರರ ಮೇಲೆ ಬೀಳುತ್ತದೆ. ಬೇರೆ ಯಾವ ಸಾಲಕ್ಕಿಂತ ಮೊದಲು ಅದನ್ನು ತೀರಿಸಿ.

ದೀಪಾವಳಿ ಬೋನಸ್ಸೋ ಓವರ್‌ಟೈಮೋ ಬಂದ ತಿಂಗಳು ಮೂರು ಪಾಲು ಮಾಡಿ. ಒಂದು ಪಾಲು ಸಾಲಕ್ಕೆ, ಒಂದು ಪಾಲು ಮುಟ್ಟದೆ ಇಡುವ ಮೀಸಲಿಗೆ, ಇನ್ನೊಂದು ಆಸೆಗಳ ಪಟ್ಟಿಯಲ್ಲಿ ಮೊದಲ ಸರದಿಯವರಿಗೆ. ಸಾಲ ಇಲ್ಲದವರು ಆ ಪಾಲಿನಲ್ಲಿ ಮೂರು ತಿಂಗಳ ಪಾಸು ತೆಗೆಸಿ, ಉಳಿದದ್ದಕ್ಕೆ ಒಂದು ಫ್ಯಾನ್ ಬದಲಿಸಲಿ.