ಅಂಗಳದಲ್ಲಿ ಹಾಯಿದೋಣಿ: ಹಳೇ ಬಲ್ಬ್ ಕಿತ್ತು ಎಲ್‌ಇಡಿ ಹಾಕಿದ ಕಥೆ

ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕ ನನ್ನದೊಂದು ಆಟೊ ಎಲೆಕ್ಟ್ರಿಕಲ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಲಾರಿ, ಟ್ರ್ಯಾಕ್ಟರ್, ಭತ್ತ ಕೊಯ್ಯುವ ಮೆಷಿನ್‌ಗಳ ವೈರಿಂಗ್ ಮಾಡುತ್ತಿದ್ದೇನೆ. ಹಾಯಿದೋಣಿಗೆ ಕೈ ಹಾಕಿದ್ದು ಮಾತ್ರ ಹೋದ ಮಳೆಗಾಲದಲ್ಲೇ ಮೊದಲು.

ನಮ್ಮ ಭಾವ ನೌಕಾಪಡೆಯಿಂದ ರಿಟೈರ್ ಆದವರು. ಮಲ್ಪೆಯಲ್ಲಿ 22 ಅಡಿಯ ಒಂದು ಹಾಯಿದೋಣಿ ಇಟ್ಟಿದ್ದಾರೆ. ಮಳೆಗಾಲದ ಕಡಲಿಗೆ ಅದನ್ನು ಇಳಿಸುವ ಮಾತೇ ಇಲ್ಲ. ಅದಕ್ಕೆ ಟ್ರೇಲರ್ ಮೇಲೆ ಹೇರಿಕೊಂಡು ವಿದ್ಯಾನಗರದ ಮನೆ ಅಂಗಳಕ್ಕೇ ತಂದು ನಿಲ್ಲಿಸಿದರು. ಬೀದಿ ಹುಡುಗರೆಲ್ಲ ಗೇಟಿಗೆ ಜೋತುಬಿದ್ದು ನೋಡುತ್ತಿದ್ದರು. "ಬಲ್ಬ್ ಬದಲಾಯಿಸೋದು ನಿನಗೆ ಎಷ್ಟರ ಕೆಲಸ?" ಅಂದರು ಭಾವ. ಮಂಡಕ್ಕಿ ಮಿರ್ಚಿ ತಿನ್ನುವಷ್ಟರಲ್ಲಿ ಮುಗಿಸ್ತೀನಿ ಅಂತ ಹೋದೆ. ಮೂರು ವಾರ ಹಿಡಿಯಿತು.

ಎಲ್‌ಇಡಿ ಯಾಕೆ ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ಹಾಯಿ ಕಟ್ಟುವ ಕಂಬದ ತುದಿಯ ದೀಪದಲ್ಲಿ 25 ವ್ಯಾಟ್ ಬಲ್ಬ್ ಇತ್ತು. 12 ವೋಲ್ಟ್‌ನಲ್ಲಿ ಅದು ಎಳೆಯುವುದು 2 ಆಂಪಿಯರ್‌ಗೂ ಸ್ವಲ್ಪ ಜಾಸ್ತಿ. ರಾತ್ರಿ ಹತ್ತು ಗಂಟೆ ಉರಿದರೆ 21 ಆಂಪಿಯರ್ ಅವರ್ (ಆಂಪಿಯರ್ ಇಂಟು ಗಂಟೆ) ಖಾಲಿ. ದೋಣಿಯ ಬ್ಯಾಟರಿ 75 ಆಂಪಿಯರ್ ಅವರ್‌ನದು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ, ಅಂದರೆ ಬಳಸಲು ಸಿಗುವುದು 37 ಮಾತ್ರ. ಒಂದೇ ದೀಪ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನುಂಗಿತು, ನೋಡಿ. ಅದೇ ಕೆಲಸವನ್ನು ಎರಡೂವರೆ ವ್ಯಾಟ್‌ನ ಎಲ್‌ಇಡಿ ರಾತ್ರಿಯಿಡೀ 2 ಆಂಪಿಯರ್ ಅವರ್‌ನಲ್ಲಿ ಮುಗಿಸುತ್ತದೆ.

ಕ್ಯಾಬಿನ್ ಒಳಗಿನ ದೀಪಗಳಿಂದ ಶುರು ಮಾಡಿ. ಅಲ್ಲಿ ತಪ್ಪಾದರೂ ಯಾರಿಗೂ ಅಪಾಯವಿಲ್ಲ. ಇದರಲ್ಲಿ ಇದ್ದದ್ದು ನಾಲ್ಕು ಹ್ಯಾಲೊಜೆನ್, ತಲಾ ಎರಡು ಸೂಜಿಕಾಲು ಇರುವ ಜಿ4 ಅನ್ನುವ ನಮೂನೆಯ ಬಲ್ಬ್‌ಗಳು. ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಕಾಲು ಮತ್ತು ಉದ್ದ ಹೋಲಿಸಿ ತನ್ನಿ. ಪೆಟ್ಟಿಗೆ ಮೇಲೆ ಬರೀ 12 ವೋಲ್ಟ್ ಅಂತಿದ್ದರೆ ಬೇಡ. ಎಂಜಿನ್ ಚಾರ್ಜ್ ಮಾಡುವಾಗ ವೋಲ್ಟೇಜ್ 14.4ಕ್ಕೆ ಏರುತ್ತದೆ, ರೆಸಿಸ್ಟರ್ ಮಾತ್ರ ಇರುವ ಅಗ್ಗದ ಎಲ್‌ಇಡಿ ಅಷ್ಟಕ್ಕೇ ಕಾದು ಸಾಯುತ್ತದೆ. 10ರಿಂದ 30 ವೋಲ್ಟ್ ತಡೆಯುವ, ಒಳಗೆ ಡ್ರೈವರ್, ಅಂದರೆ ಕರೆಂಟನ್ನು ಹದದಲ್ಲಿಡುವ ಸರ್ಕ್ಯೂಟ್, ಇರುವ ಬಲ್ಬ್ ತನ್ನಿ. ಬಣ್ಣ 3000 ಕೆಲ್ವಿನ್ ಆಸುಪಾಸು, ಅಂದರೆ ಹಳದಿ ಕಡೆಗೆ ವಾಲಿದ ಬಿಳಿ, ಇರಲಿ. ನಾನು ಮೊದಲು ಹಾಕಿದ ಬೆಳ್ಳನೆಯ ಎಲ್‌ಇಡಿಗೆ ಅಕ್ಕ "ಇದೇನು ಆಪರೇಷನ್ ಥಿಯೇಟರಾ?" ಅಂದಳು. ಮ್ಯಾಪ್ ನೋಡುವ ಮೇಜಿನ ಮೇಲೆ ಒಂದು ಕೆಂಪು ದೀಪ ಇರಲಿ. ಕತ್ತಲೆಗೆ ಹೊಂದಿಕೊಂಡ ಕಣ್ಣು ಮಂದ ಕೆಂಪು ಬೆಳಕಿಗೆ ಅಷ್ಟಾಗಿ ಕೆಡುವುದಿಲ್ಲ.

ಇಲ್ಲೇ ನನ್ನ ಮೊದಲ ತಪ್ಪು ಆದದ್ದು. ಟ್ರ್ಯಾಕ್ಟರ್‌ನಲ್ಲಿ ನಾವು ಒಂದೇ ವೈರ್ ಎಳೆಯುತ್ತೇವೆ, ವಾಪಸ್ ಬರುವುದಕ್ಕೆ ಬಾಡಿ ಅರ್ತ್ ಇದೆಯಲ್ವಾ. ದೋಣಿ ಫೈಬರ್‌ನದು, ಲೋಹದ ಬಾಡಿಯೇ ಇಲ್ಲ. ಪ್ರತಿ ದೀಪಕ್ಕೂ ಎರಡು ವೈರ್ ಬೇಕು. ಹಾಗಾದರೆ ಅಲ್ಯುಮಿನಿಯಂ ಕಂಬವನ್ನೇ ಅರ್ತ್ ಮಾಡಿಕೊಂಡರಾಯಿತು ಅಂತ ನಾನು ಕೈ ಹಾಕಿದ್ದೆ. ಭಾವ ಹೌಹಾರಿದರು. ಉಪ್ಪುನೀರಿನಲ್ಲಿ ಕರೆಂಟು ಕಂಬದಲ್ಲಿ ಹರಿದರೆ ಲೋಹ ತಿಂದುಹೋಗುತ್ತದಂತೆ.

ಎರಡನೆಯದು ಪ್ಲಸ್ ಮೈನಸ್. ಹಳೇ ಬಲ್ಬಿಗೆ ಯಾವ ಕಡೆಯಿಂದ ಕೊಟ್ಟರೂ ಉರಿಯುತ್ತದೆ. ಹಾಗಾಗಿ ಹಿಂದೆ ಕೆಲಸ ಮಾಡಿದವರು ಎರಡು ಕಡೆ ವೈರ್ ಅದಲು ಬದಲು ಮಾಡಿದ್ದರೂ ಯಾರಿಗೂ ಗೊತ್ತಾಗಿರಲಿಲ್ಲ. ಎಲ್‌ಇಡಿ ಹಾಕಿದ ಮೇಲೆ ಎರಡು ದೀಪ ಹೊತ್ತಲೇ ಇಲ್ಲ. ಬಲ್ಬ್ ಕೆಟ್ಟಿದೆ ಅಂತ ಬಿಸಾಡುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ.

ಇನ್ನು ಹೊರಗಿನ ದೀಪಗಳು. ಕೆಲಸ ಇರುವುದು ಇಲ್ಲೇ. ಲಾರಿ ಹೆಡ್‌ಲೈಟ್ ಇರುವುದು ದಾರಿ ಕಾಣುವುದಕ್ಕೆ. ದೋಣಿಯ ದೀಪ ಇರುವುದು ಬೇರೆಯವರು ನಮ್ಮನ್ನು ಓದುವುದಕ್ಕೆ. ಎಡಗಡೆ ಕೆಂಪು, ಬಲಗಡೆ ಹಸಿರು, ಹಿಂದೆ ಬಿಳಿ. ಕತ್ತಲಲ್ಲಿ ದೂರದ ದೋಣಿಯವನಿಗೆ ಕೆಂಪು ಕಂಡರೆ ನಮ್ಮ ಎಡಮಗ್ಗುಲು ಅವನ ಕಡೆಗಿದೆ ಅಂತ ಅರ್ಥ. ಮಲ್ಪೆ ಸುತ್ತ ರಾತ್ರಿ ಮೀನು ಹಿಡಿಯುವ ಟ್ರಾಲರ್‌ಗಳು ಜಾಸ್ತಿ. ಬಲೆ ಎಳೆಯುವಾಗ ಅವು ಮೇಲೊಂದು ಹಸಿರು, ಅದರ ಕೆಳಗೊಂದು ಬಿಳಿ ಹಾಕಿಕೊಂಡಿರಬೇಕು. ಇದನ್ನೆಲ್ಲ ಗೊತ್ತು ಮಾಡಿರುವುದು ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮ. ಬಣ್ಣ ತಪ್ಪಿದರೆ, ಕೋನ ತಪ್ಪಿದರೆ, ದೀಪ ಎಷ್ಟು ಜೋರಾಗಿ ಉರಿದರೂ ಸುಳ್ಳು ಹೇಳಿದ ಹಾಗೆ.

ನಾನು ಮಾಡಿದ್ದು ಅದನ್ನೇ. ಹಸಿರು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದೆ. ರಾತ್ರಿ ನೋಡಿದರೆ ನೀಲಿ ಹೊಡೆಯುತ್ತಿತ್ತು. ಕೆಂಪು ಗಾಜಿನದು ಗುಲಾಬಿಗೆ ತಿರುಗಿ ಮಂಕಾಗಿತ್ತು. ಹಳೇ ಬಲ್ಬಿನ ಬೆಳಕಿನಲ್ಲಿ ಹಳದಿ ಕೆಂಪು ಜಾಸ್ತಿ, ಆ ಗಾಜುಗಳನ್ನು ಮಾಡಿದ್ದೇ ಅದಕ್ಕೆ ಹೊಂದುವಂತೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿ, ಹಸಿರು ಗಾಜಿಗೆ ಹಸಿರು ಎಲ್‌ಇಡಿ, ಅಷ್ಟೇ.

ಕೋನದ ಕಥೆ ಇನ್ನೂ ನಾಜೂಕು. ಕಂಬದ ತುದಿಯ ದೀಪದಲ್ಲಿ ಕೆಂಪು, ಹಸಿರು, ಬಿಳಿ ಮೂರೂ ಬಣ್ಣ ಒಂದೇ ಬಲ್ಬಿನ ಸುತ್ತ ಇವೆ. ಹಳೇ ಬಲ್ಬಿನ ತಂತಿ ಕೂದಲಿನಷ್ಟು ತೆಳ್ಳಗೆ, ನೆಟ್ಟಗೆ ನಿಂತಿರುತ್ತದೆ. ಅದಕ್ಕೇ ಕೆಂಪು ಎಲ್ಲಿ ಮುಗಿಯಿತು, ಹಸಿರು ಎಲ್ಲಿ ಶುರುವಾಯಿತು ಅನ್ನುವುದು ಚಾಕುವಿನಿಂದ ಕೊಯ್ದ ಹಾಗೆ ಕಾಣುತ್ತದೆ. ಜೋಳದ ತೆನೆಯಂತೆ ಸುತ್ತಲೂ ಎಲ್‌ಇಡಿ ಕೂರಿಸಿದ ದಪ್ಪ ಬಲ್ಬ್ ಹಾಕಿದರೆ ಎರಡೂ ಬಣ್ಣ ಕಲಸಿಹೋಗುತ್ತವೆ.

ನೋಡುವ ಬಗೆ ಇದು. ಅಂಗಳದ ಮಧ್ಯೆ ಆ ದೀಪ ಇಟ್ಟು, ಹಗ್ಗ ಹಿಡಿದು ರಂಗೋಲಿ ಪುಡಿಯಲ್ಲಿ ದೊಡ್ಡ ವೃತ್ತ ಹಾಕಿದೆವು. ಬದಿಯ ದೀಪಗಳು ನೇರ ಮುಂದಿನಿಂದ 112.5 ಡಿಗ್ರಿವರೆಗೆ ಕಾಣಬೇಕು. ಅಷ್ಟು ಅಳೆಯುವುದಕ್ಕೆ ಏನೂ ಬೇಡ, ನ್ಯೂಸ್‌ಪೇಪರ್‌ನ ಮೂಲೆ 90 ಡಿಗ್ರಿ ಇರುತ್ತದೆ. ಅದನ್ನು ಎರಡು ಸಲ ಅರ್ಧ ಮಡಚಿದರೆ 22.5. ಮಡಚದ ಮೂಲೆಯೊಂದು, ಮಡಚಿದ್ದೊಂದು ಪಕ್ಕ ಪಕ್ಕ ಇಟ್ಟರೆ 112.5 ಬಂತು. ಎಡಕ್ಕೊಂದು, ಬಲಕ್ಕೊಂದು ಗೆರೆ ಎಳೆದರೆ ಹಿಂದೆ ಉಳಿಯುವ 135 ಡಿಗ್ರಿ ಹಿಂದಿನ ಬಿಳಿ ದೀಪದ್ದು. ಕತ್ತಲಾದ ಮೇಲೆ ಭಾವ ಸ್ವಿಚ್ ಹಾಕಿದರು, ನಾನು ದೀಪದ ಮಟ್ಟಕ್ಕೆ ಕುಕ್ಕರಗಾಲಲ್ಲಿ ಬಗ್ಗಿ ವೃತ್ತದ ಮೇಲೆ ಸುತ್ತಿದೆ. ಒಂದು ಬಣ್ಣ ಗೆರೆಯ ಹತ್ತಿರ ಆರಬೇಕು, ಇನ್ನೊಂದು ಅಲ್ಲೇ ಹೊತ್ತಬೇಕು. ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಬಗ್ಗಿ, "ಗಣಪತಿ ಪೆಂಡಾಲಿಗೇನಪ್ಪಾ?" ಅಂದರು.

ಜೋಳದ ತೆನೆ ಬಲ್ಬ್ ಈ ಪರೀಕ್ಷೆಯಲ್ಲಿ ಸೋತಿತು. ಕಂಬದ ತುದಿಯ ಮೂರು ಬಣ್ಣದ ದೀಪಕ್ಕೆ ಬಲ್ಬ್ ಬದಲಿಸುವ ಆಸೆ ಬಿಟ್ಟು, ಪೂರ್ತಿ ದೀಪವನ್ನೇ ಎಲ್‌ಇಡಿಯದು ತರಿಸಿದೆವು. ದುಬಾರಿಯೇ. ಆದರೆ ದೀಪಕ್ಕೆ ಸಿಕ್ಕ ಸರ್ಟಿಫಿಕೇಟ್ ಗಾಜು ಬಲ್ಬ್ ಎರಡಕ್ಕೂ ಸೇರಿಸಿ ಸಿಕ್ಕಿರುತ್ತದೆ. ಬೇರೆ ಬಲ್ಬ್ ಹಾಕಿದರೆ ಅದಕ್ಕೆ ಬೆಲೆ ಇಲ್ಲ. 12 ಮೀಟರಿಗಿಂತ ಚಿಕ್ಕ ದೋಣಿಯಲ್ಲಿ ಬದಿ ದೀಪ 1 ನಾಟಿಕಲ್ ಮೈಲಿ (ಸುಮಾರು 1.85 ಕಿ.ಮೀ.), ಹಿಂದಿನದು ಮತ್ತು ಲಂಗರು ಹಾಕಿ ನಿಂತಾಗ ಉರಿಸುವ ಲಂಗರು ದೀಪ 2 ನಾಟಿಕಲ್ ಮೈಲಿ ದೂರಕ್ಕೆ ಕಾಣಬೇಕು. ಇನ್ನೊಂದು, ತುದಿಯ ಮೂರು ಬಣ್ಣದ ದೀಪ ಬರೀ ಹಾಯಿಯಲ್ಲಿ ಹೋಗುವಾಗ ಮಾತ್ರ. ಎಂಜಿನ್ ಹಾಕಿದ ತಕ್ಷಣ ಅದನ್ನು ಆರಿಸಿ ಕೆಳಗಿನ ಬದಿ ದೀಪ, ಹಿಂದಿನ ದೀಪ, ಕಂಬದ ಮುಂದಿನ ಬಿಳಿ ದೀಪ ಹಾಕಬೇಕು.

ವೈರ್ ಬಗ್ಗೆ ಎರಡು ಮಾತು. ಹಳೇ ದೀಪ ಬಿಚ್ಚಿದಾಗ ಕಾಂಟ್ಯಾಕ್ಟ್ ಪೂರ್ತಿ ಹಸಿರು ಕಿಲುಬು. ವೈರ್ ಸಿಪ್ಪೆ ಸುಲಿದರೆ ತಾಮ್ರ ಒಳಗೆ ಒಂದು ಗೇಣು ಕಪ್ಪಾಗಿತ್ತು. ನಮ್ಮ ಲಾರಿ ವೈರ್ ಕಡಲಿಗೆ ಆಗಿಬರುವುದಿಲ್ಲ, ತವರ ಲೇಪಿಸಿದ ತಾಮ್ರದ ವೈರ್ ಬೇಕು. ಜಾಯಿಂಟನ್ನು ಕ್ರಿಂಪ್ ಮಾಡಿ, ಅಂದರೆ ಲೋಹದ ತುಣುಕಿನೊಳಗೆ ಇಕ್ಕಳದಿಂದ ಅದುಮಿ, ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ಫ್ಯೂಸ್ ಕೂಡ ಚಿಕ್ಕದು ಮಾಡಿ, 10 ಆಂಪಿಯರ್ ಇದ್ದಲ್ಲಿ 2 ಸಾಕಾಯಿತು.

ಕೊನೆಗೆ ರೇಡಿಯೊ ಪರೀಕ್ಷೆ. ಇದನ್ನು ಬಿಡುವವರೇ ಜಾಸ್ತಿ. ಎಲ್‌ಇಡಿ ಒಳಗಿನ ಡ್ರೈವರ್ ಗದ್ದಲ ಎಬ್ಬಿಸಿ, ಬೇರೆ ಹಡಗುಗಳ ಜೊತೆ ಮಾತಾಡುವ ದೋಣಿಯ ವಿಎಚ್‌ಎಫ್ ರೇಡಿಯೊವನ್ನು ಕಿವುಡು ಮಾಡಬಲ್ಲದು. ಅಪಾಯದಲ್ಲಿ ಕೂಗುವ 16ನೇ ಚಾನಲ್, ಅಂದರೆ 156.8 ಮೆಗಾಹರ್ಟ್ಸ್, ಇರುವುದು ಇದೇ ರೇಡಿಯೊದಲ್ಲಿ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದರ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿತ್ತು. ಎಲ್ಲ ಎಲ್‌ಇಡಿ ಆರಿಸಿ, ರೇಡಿಯೊವನ್ನು ಸದ್ದಿಲ್ಲದ ಚಾನಲ್‌ಗೆ ಇಡಿ. ಸ್ಕ್ವೆಲ್ಚ್, ಅಂದರೆ ಬುರ್ ಸದ್ದು ತಡೆಯುವ ಗುಂಡಿ, ತಿರುಗಿಸಿ ಬುರ್ ಅನ್ನಿಸಿ, ಆಮೇಲೆ ಸದ್ದು ನಿಲ್ಲುವಷ್ಟಕ್ಕೆ ಮಾತ್ರ ವಾಪಸ್ ತಿರುಗಿಸಿ. ಈಗ ಒಂದೊಂದೇ ದೀಪ ಹಾಕಿ. ಬುರ್ ವಾಪಸ್ ಬಂದರೆ ಆ ದೀಪವೇ ಕಳ್ಳ. ಇದಕ್ಕೆ ದಾವಣಗೆರೆಯಂಥ ಜಾಗ ಇಲ್ಲ, ಹಡಗಿನ ಮಾತು ಇಲ್ಲಿಗೆ ಕೇಳುವುದೇ ಇಲ್ಲ. ಬಟನ್ ಒತ್ತಿ ಮಾತಾಡಲು ಮಾತ್ರ ಹೋಗಬೇಡಿ, ಸುಮ್ನೆ ಕೇಳಿ. ನಮ್ಮಲ್ಲಿ ಸಿಕ್ಕಿಬಿದ್ದದ್ದು ಲಂಗರು ದೀಪಕ್ಕೆ ನಾನೇ ತಂದ ಅಗ್ಗದ ಬಲ್ಬ್. ಅದೀಗ ಅಂಗಡಿಯ ಬಚ್ಚಲಲ್ಲಿ ಉರಿಯುತ್ತಿದೆ.

ಮಳೆ ಮುಗಿದ ಮೇಲೆ ದೋಣಿ ಮಲ್ಪೆಗೆ ವಾಪಸ್ ಹೋಯಿತು. ಮೊದಲ ರಾತ್ರಿ ಕಳೆದು ಬೆಳಿಗ್ಗೆ ಭಾವ ಮೀಟರ್ ಫೋಟೊ ಕಳಿಸಿದರು: 12.5 ವೋಲ್ಟ್. ಹಿಂದಿನ ವರ್ಷ ಅದೇ ಹೊತ್ತಿಗೆ 12ರ ಕೆಳಗೆ ಇಳಿದಿರುತ್ತಿತ್ತಂತೆ. ಕೆಳಗೆ ಒಂದು ಸಾಲು ಬರೆದಿದ್ದರು, "ಅಡುಗೆ ಕಟ್ಟೆ ಮೇಲೂ ಒಂದು ಕೆಂಪು ದೀಪ ಬೇಕಿತ್ತು ಕಣೋ."