ಸಂತೆಯಿಂದ ತಂದ ಆಡನ್ನು ಕುರಿಗಳ ಜೊತೆ ಸೇರಿಸುವುದು ಹೇಗೆ?

ಸಂತೆಯಲ್ಲಿ ಆಡು ಕೊಂಡಿರಿ. ಚುರುಕಾಗಿದೆ, ಮೇವೂ ಚೆನ್ನಾಗಿ ತಿನ್ನುತ್ತಿದೆ. ಆದರೂ ಸೀದಾ ಕುರಿಗಳ ಜೊತೆ ಬಿಡಬೇಡಿ. ಪಿಪಿಆರ್, ಅಂದರೆ ಹಿರೇಬೇನೆ ಅನ್ನುವ ವೈರಸ್ ರೋಗ, ಎಷ್ಟೋ ಸಲ ಇಂಥ ಗಟ್ಟಿಮುಟ್ಟಾದ ಆಡಿನ ಜೊತೆಗೇ ಹಟ್ಟಿಗೆ ಬರುತ್ತದೆ. ವೈರಸ್ ಮೈ ಹೊಕ್ಕ ಮೇಲೆ ಜ್ವರ ಬರಲು ಸಾಮಾನ್ಯವಾಗಿ 4ರಿಂದ 6 ದಿನ ಹಿಡಿಯುತ್ತದೆ. ಸಂತೆಯಲ್ಲಿ ಅದು ಯಾರ ಕಣ್ಣಿಗೆ ಬೀಳುತ್ತೆ ಹೇಳಿ?

ಆಡಿನ ಕಾಯಿಲೆ ಕುರಿಗೆ ಯಾಕೆ ಬರಬೇಕು ಅಂತ ಕೆಲವರು ಕೇಳುತ್ತಾರೆ. ಎರಡೂ ಹತ್ತಿರದ ನೆಂಟರು, ಈ ವೈರಸ್‌ಗೆ ಎರಡೂ ಆಗುತ್ತವೆ. ಸಾಮಾನ್ಯವಾಗಿ ಆಡು ಜಾಸ್ತಿ ನರಳುತ್ತದೆ. ಕುರಿ ಕೆಲವೊಮ್ಮೆ ಬರೀ ಸಿಂಬಳ ಸುರಿಸಿ ಚೇತರಿಸಿಕೊಳ್ಳುತ್ತದೆ. ತೊಂದರೆ ಇರುವುದೇ ಇಲ್ಲಿ. ನೆಗಡಿ ಅಂತ ಸುಮ್ನೆ ಬಿಟ್ಟ ಕುರಿ ಪಕ್ಕದ ಆಡಿಗೆ ರೋಗ ಅಂಟಿಸಿರುತ್ತದೆ. ಹಾಗಂತ ಕುರಿಗೆ ಏನೂ ಆಗಲ್ಲ ಅನ್ನಬೇಡಿ. ಭಾರತದಲ್ಲಿ ಈ ರೋಗ ಮೊದಲು ಗೊತ್ತಾದದ್ದೇ ಕುರಿಗಳಲ್ಲಿ, 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ದನ, ಎಮ್ಮೆಗೂ ಸೋಂಕು ತಗಲಬಹುದು. ಆದರೆ ಅವು ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ.

ಮೊದಲ ಕೆಲಸ, ಹೊಸ ಆಡನ್ನು 21 ದಿನ ಬೇರೆ ಕಟ್ಟುವುದು. ನಡುವೆ ಬರೀ ತಡಿಕೆ ಇದ್ದರೆ ಸಾಲದು. ಕೆಮ್ಮು, ಸೀನಿನ ಹನಿಯಲ್ಲೇ ವೈರಸ್ ದಾಟುತ್ತದೆ, ಮೂತಿಗೆ ಮೂತಿ ತಾಗಿದರಂತೂ ಮುಗೀತು. ನೀರಿನ ಬಾನಿ, ಮೇವಿನ ಗೋದಲಿ ಎರಡೂ ಬೇರೆ ಇರಲಿ. ದಿನಾ ಹಳೆಯ ಮಂದೆಯ ಕೆಲಸ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಿ, ಉಲ್ಟಾ ಬೇಡ.

ಆಮೇಲೆ ಲಸಿಕೆ. ನಾಲ್ಕು ತಿಂಗಳು ದಾಟಿದ, ಆರೋಗ್ಯವಾಗಿರುವ ಆಡು, ಕುರಿ ಎರಡಕ್ಕೂ ಒಂದೇ ಲಸಿಕೆ, ಚರ್ಮದ ಕೆಳಗೆ 1 ಮಿ.ಲೀ. ಸಾಮಾನ್ಯವಾಗಿ ಮೂರು ವರ್ಷ ಕಾಯುತ್ತದೆ. ಐಸ್‌ನಲ್ಲೇ ತರಬೇಕು. ಬಿಸಿಲಲ್ಲಿ ಬೈಕಿಗೆ ನೇತುಹಾಕಿ ತಂದ ಲಸಿಕೆ ನೀರು ಚುಚ್ಚಿದ ಹಾಗೆ.

ಬೇರೆ ಕಟ್ಟಿದ ಈ 21 ದಿನಗಳಲ್ಲಿ ಹೊಸ ಆಡಿನ ಕಣ್ಣು ಪಿಸರುಗಟ್ಟಿದರೆ, ಮೂಗು ಕಟ್ಟಿದರೆ, ಬಾಯಿ ಹುಣ್ಣಾಗಿ ಭೇದಿ ಶುರುವಾದರೆ ತಡಮಾಡಬೇಡಿ. ವೈರಸ್ ಕೊಲ್ಲುವ ಔಷಧಿ ಇಲ್ಲ. ಡಾಕ್ಟರು ಆ್ಯಂಟಿಬಯೋಟಿಕ್ ಕೊಡುವುದು ಈ ರೋಗದ ಜೊತೆಗೆ ಬರುವ ನ್ಯುಮೋನಿಯಾಕ್ಕೆ. ಸಿಕ್ಕಷ್ಟು ಬರಲಿ ಅಂತ ಕಾಯಿಲೆ ಬಿದ್ದ ಆಡನ್ನು ಮತ್ತೆ ಸಂತೆಗೆ ಹೊಡೆಯುವವರಿದ್ದಾರೆ, ಆ ಕೆಲಸ ಮಾತ್ರ ಬೇಡ. ಮಂದೆಯನ್ನು ಹಟ್ಟಿಯಲ್ಲೇ ನಿಲ್ಲಿಸಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.