ದಿನಸಿ ಅಂಗಡಿಯ ಸಕ್ಕರೆಯಿಂದ ಹೈಲುರಾನಿಕ್ ಆಮ್ಲ: ಬ್ಯಾಸಿಲಸ್ ಜೊತೆಗಿನ ನನ್ನ ಅನುಭವ

ಫಲಿತಾಂಶವನ್ನು ಮೊದಲೇ ಹೇಳಿಬಿಡುತ್ತೇನೆ. ಲೀಟರಿಗೆ ಐದು ಗ್ರಾಂ ಆಸುಪಾಸು ಹೈಲುರಾನಿಕ್ ಆಮ್ಲ (ಎಚ್‌ಎ, ಕೀಲು-ಕಣ್ಣುಗಳಲ್ಲಿರುವ ಲೋಳೆಯಂಥ ಸಕ್ಕರೆ ಸರಪಳಿ), ಅಣುತೂಕ ಹತ್ತು ಲಕ್ಷ ಡಾಲ್ಟನ್‌ಗಿಂತ ತುಸು ಮೇಲೆ, ಬ್ಯಾಚಿನಿಂದ ಬ್ಯಾಚಿಗೆ ದೊಡ್ಡ ಏರುಪೇರಿಲ್ಲ. ತಳಿ ಬ್ಯಾಸಿಲಸ್ ಸಬ್ಟಿಲಿಸ್ 168, ಮೇವು ದಿನಸಿ ಅಂಗಡಿಯ ಬಿಳಿ ಸಕ್ಕರೆ.

ಇದು ಆಗದ ಕೆಲಸ ಎಂದವರು ಕಡಿಮೆ ಇರಲಿಲ್ಲ. ಒಂದು ಅನುದಾನ ಸಮಿತಿಯ ಹಿರಿಯರೊಬ್ಬರು ಕಡತ ಮುಚ್ಚಿ, "ಅಲ್ಲಪ್ಪಾ, ಸ್ಟ್ರೆಪ್ಟೊಕಾಕಸ್ ತಾನಾಗಿಯೇ ಸುರಿಸುತ್ತದೆ. ಅದನ್ನು ಬಿಟ್ಟು ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕುಡಿಸಿ ಕಣ್ಣಿಗೆ ಹಾಕುವ ಔಷಧ ಮಾಡುತ್ತೀಯಾ?" ಎಂದು ಕೇಳಿದರು. ಸುರಿಸುತ್ತದೆ, ನಿಜ. ಆದರೆ ಆ ಸ್ಟ್ರೆಪ್ಟೊಕಾಕಸ್ ಝೂಎಪಿಡೆಮಿಕಸ್ ರೋಗಕಾರಕ. ದುಬಾರಿ ಯೀಸ್ಟ್ ಎಕ್ಸ್‌ಟ್ರಾಕ್ಟ್ ಇಲ್ಲದೆ ಮುಖ ಎತ್ತುವುದಿಲ್ಲ, ಟ್ಯಾಂಕಿನ ತುಂಬ ಲ್ಯಾಕ್ಟಿಕ್ ಆಮ್ಲ ತುಂಬಿಸುತ್ತದೆ, ಸರಕಿನಲ್ಲಿ ವಿಷದ ಅಂಶವಿಲ್ಲ ಎಂದು ಪ್ರತಿ ಬ್ಯಾಚಿಗೂ ಸಾಬೀತು ಮಾಡುವ ಖರ್ಚು ಬೇರೆ. ಕಿಣ್ವ ಕಂಪನಿ ನೊವೊಜೈಮ್ಸ್‌ನ ಬಳಗ ಬ್ಯಾಸಿಲಸ್‌ನಲ್ಲಿ ಇದನ್ನು ಮಾಡಿ 2005ರಲ್ಲೇ ಪ್ರಕಟಿಸಿತ್ತು. ಹಾಗಾಗಿ ಆಗುತ್ತದೆಯೇ ಎಂಬ ಅನುಮಾನ ನನಗಿರಲಿಲ್ಲ. ಬೆಂಗಳೂರಿನ ಬಾಡಿಗೆ ಲ್ಯಾಬಿನಲ್ಲಿ, ನಾಲ್ಕು ಜನರ ಜೇಬಿನಿಂದ ಆಗುತ್ತದೆಯೇ ಎಂಬುದೊಂದೇ ಚಿಂತೆ.

ಜೀನ್ ವಿಚಾರ ಬೇಗ ಮುಗಿಸುತ್ತೇನೆ. ಝೂಎಪಿಡೆಮಿಕಸ್‌ನ ಹ್ಯಾಸ್-ಎ, ಅಂದರೆ ಎಚ್‌ಎ ಹೆಣೆಯುವ ಕಿಣ್ವದ (ಸಿಂತೇಸ್) ಜೀನು, ಸುಮಾರು 1,250 ಬೇಸ್, ಬ್ಯಾಸಿಲಸ್ಸಿಗೆ ಒಗ್ಗುವ ಕೋಡಾನ್‌ಗಳೊಂದಿಗೆ ಹೊರಗಡೆ ಬರೆಸಿದೆವು. ಇಪ್ಪತ್ತು ಸಾವಿರ ಚಿಲ್ಲರೆ ಬಿತ್ತು. ಅದನ್ನು ಲ್ಯಾಬಿನ ಮಾಮೂಲಿ ಬ್ಯಾಕ್ಟೀರಿಯಾ ಈ.ಕೊಲೈನಲ್ಲಿ ಕ್ಲೋನ್ ಮಾಡಲು ಹೋಗಿ ತಿಂಗಳುಗಟ್ಟಲೆ ಕಳೆದುಹೋಯಿತು. ಪೊರೆಯಲ್ಲಿ ಕೂರುವ ಪ್ರೋಟೀನು, ಸ್ವಲ್ಪ ಸೋರಿದರೂ ಕೋಶಕ್ಕೆ ಸಹಿಸದು. ಸಿಕ್ಕ ಪ್ಲಾಸ್ಮಿಡ್‌ಗಳಲ್ಲಿ ಜೀನಿನ ಅರ್ಧ ಭಾಗವೇ ಕಾಣೆ. ಸೀಕ್ವೆನ್ಸಿಂಗ್ ಬಿಲ್ಲು ಜೀನಿನ ಬೆಲೆಯನ್ನು ದಾಟಿದ ಮೇಲೆ ಈ.ಕೊಲೈಗೆ ಕೈಮುಗಿದೆವು. ಎರಡೂ ಬದಿಗೆ ಬ್ಯಾಸಿಲಸ್ಸಿನ ಪಿಷ್ಟ ಒಡೆಯುವ ಜೀನಾದ ಅಮೈ-ಇಯ ತೋಳುಗಳನ್ನು ಪಿಸಿಆರ್‌ನಲ್ಲೇ ಬೆಸೆದು, ಆ ತುಂಡನ್ನು ಹೊರಗಿನ ಡಿಎನ್‌ಎ ನುಂಗಬಲ್ಲ (ಕಾಂಪಿಟೆಂಟ್) 168ಕ್ಕೆ ನೇರವಾಗಿ ಕುಡಿಸಿದೆವು. ಪಿಷ್ಟದ ಪ್ಲೇಟಿಗೆ ಅಯೋಡಿನ್ ಹಾಕಿದಾಗ ಬಿಳಿ ವರ್ತುಲವಿಲ್ಲದ, ಅಂದರೆ ತುಂಡು ಒಳಗೆ ಕೂತ, ಕಾಲನಿಗಳು ಒಂದೇ ವಾರದಲ್ಲಿ ಕಂಡವು.

ಹ್ಯಾಸ್-ಎ ಒಂದರಿಂದ ಏನೂ ಆಗಲಿಲ್ಲ. ಎಚ್‌ಎ ಇದ್ದರೆ ಮಬ್ಬಾಗಿಸುವ ಸಿಟ್ಯಾಬ್ ಹಾಕಿದರೆ ಮಬ್ಬು ಇದೆಯೋ ಇಲ್ಲವೋ ಎಂದು ಟ್ಯೂಬನ್ನು ಕಿಟಕಿಗೆ ಹಿಡಿದು ವಾದ ಮಾಡುವ ಸ್ಥಿತಿ. ಫಾಸ್ಫೇಟ್ ಬರಗಾಲ ಬಂದಾಗಲಷ್ಟೇ 168 ಗ್ಲುಕುರಾನಿಕ್ ಆಮ್ಲ ತಯಾರಿಸಲು ಬೇಕಾದ ತನ್ನ ಟುವಾ-ಡಿ ಜೀನನ್ನು ಎಬ್ಬಿಸುತ್ತದೆ. ನಮ್ಮ ಮಾಧ್ಯಮದಲ್ಲಿ ಫಾಸ್ಫೇಟ್ ಧಾರಾಳ, ಎಚ್‌ಎ ಸರಪಳಿಗೆ ಬೇಕಾದ ಗ್ಲುಕುರಾನಿಕ್ ಆಮ್ಲ ಬರುವುದೆಲ್ಲಿಂದ? ಟುವಾ-ಡಿಯ ಇನ್ನೊಂದು ಪ್ರತಿಯನ್ನು ಹ್ಯಾಸ್-ಎ ಹಿಂದೆಯೇ ಕಟ್ಟಿದ ಮೇಲೆ ಬಂಡಿ ಉರುಳಿತು. ಸರಪಳಿಯ ಇನ್ನೊಂದು ಕೊಂಡಿಗಾಗಿ ಜಿಕ್ಯಾ-ಡಿ ಜೀನನ್ನೂ ಸೇರಿಸಿ ನೋಡಿದೆವು. ಹಣ ಹೋಯಿತು, ಲಾಭ ಕಾಣಲಿಲ್ಲ. ಪ್ರೊಮೋಟರ್ (ಜೀನಿನ ಸ್ವಿಚ್ಚು) ಬಲವಾದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನಂತೂ ಬಿಟ್ಟುಬಿಡಿ. ಸಿಂತೇಸ್ ಹೆಚ್ಚಾಗಿ ಅದು ಪೋಣಿಸುವ ಸಕ್ಕರೆಯ ಕೊಂಡಿಗಳು ಸಾಲದಿದ್ದರೆ ಸರಪಳಿಗಳು ಗಿಡ್ಡವಾಗುತ್ತವೆ. ಕೋಶಗೋಡೆಗೂ ಅದೇ ಸಾಮಗ್ರಿ ಬೇಕಲ್ಲ, ಕೋಶಗಳು ಉದ್ದುದ್ದ ಬೆಳೆದು ಒಡೆಯುತ್ತವೆ. ನಾವು ಬಳಸಿದ ಪ್ರೊಮೋಟರ್ ಯಾವುದೆಂದು ಕೇಳಬೇಡಿ. ಬಹಳ ಜನ ಬಳಸುವ ಪಿ-43 ಅಲ್ಲ, ಐಪಿಟಿಜಿ ಎಂಬ ರಾಸಾಯನಿಕ ಬೇಡುವುದೂ ಅಲ್ಲ. ಅಷ್ಟು ಸಾಕು.

ನಿಜವಾದ ಪೆಟ್ಟು ಬಿದ್ದದ್ದು ಸಕ್ಕರೆಯಿಂದ. ಗ್ಲುಕೋಸ್ ಬಿಟ್ಟು ಸಕ್ಕರೆಗೆ ಬದಲಾಯಿಸಿದ ಮೊದಲ ಬ್ಯಾಚಿನಲ್ಲಿ ಐಸೊಪ್ರೊಪನಾಲ್ (ಎಚ್‌ಎ ಬೇರ್ಪಡಿಸುವ ಆಲ್ಕೊಹಾಲ್) ಹಾಕಿದ ಕೂಡಲೇ ಬೀಕರಿನ ತುಂಬ ಬಿಳಿ ಗರಣೆ. ಒಣಗಿಸಿ ತೂಗಿದರೆ ಲೀಟರಿಗೆ ಹದಿನೈದು ಗ್ರಾಂ ದಾಟಿತ್ತು. ಹುಡುಗರು ಮೈಸೂರು ಪಾಕ್ ತಂದು ಹಂಚಿದರು. ನನಗೆ ಅನುಮಾನ ಬಂದದ್ದು ತೂಕದಿಂದಲ್ಲ, ಬ್ಯಾಕ್ಟೀರಿಯಾ ಬೆಳೆದ ಸಾರಿನಿಂದ. ಅಷ್ಟು ಎಚ್‌ಎ ಇದ್ದಿದ್ದರೆ ಸ್ಟರರ್ ತಿರುಗುವುದೇ ಕಷ್ಟವಾಗಬೇಕಿತ್ತು, ಅದು ಆರಾಮವಾಗಿ ತಿರುಗುತ್ತಿತ್ತು. ಎಚ್‌ಎಯನ್ನು ಮಾತ್ರ ಕತ್ತರಿಸುವ ಕಿಣ್ವ, ಸ್ಟ್ರೆಪ್ಟೊಮೈಸಿಸ್ ಮೂಲದ ಹೈಲುರಾನಿಡೇಸ್, ಹಾಕಿ ಒಂದು ರಾತ್ರಿ ಇಟ್ಟೆವು. ಬೆಳಿಗ್ಗೆ ನೋಡಿದರೆ ಗರಣೆಯ ಬಹುಪಾಲು ಹಾಗೆಯೇ ಇತ್ತು. ಅದು ಲೆವಾನ್. ಸಕ್ಕರೆ ಕಂಡ ಕೂಡಲೇ ಬ್ಯಾಸಿಲಸ್ಸಿನ ಸ್ಯಾಕ್-ಬಿ ಜೀನು ಎದ್ದು ಫ್ರಕ್ಟೋಸನ್ನು ಸರಪಳಿ ಮಾಡಿ ಹೊರಗೆ ಎಸೆದಿತ್ತು. ಫ್ರಕ್ಟೋಸ್ ಬಣ್ಣ ಬಿಡುವುದರಿಂದ, ಬಣ್ಣ ನೋಡಿ ಎಚ್‌ಎ ಅಳೆಯುವ ಕಾರ್ಬಜೋಲ್ ಪರೀಕ್ಷೆಯೂ ಎಚ್‌ಎ ಬಹಳ ಇದೆ ಎಂದೇ ಹೇಳಿತ್ತು. ಸಕ್ಕರೆ, ಕಬ್ಬಿನ ಹಾಲು, ಮೊಲಾಸಿಸ್ ಹಾಕಿ ಬ್ಯಾಸಿಲಸ್‌ನಿಂದ ಇಪ್ಪತ್ತು ಗ್ರಾಂ ತೆಗೆದೆ ಎಂದು ಯಾರಾದರೂ ಹೇಳಿದರೆ, ಕಿಣ್ವ ಹಾಕಿ ನೋಡಿದಿರಾ ಎಂದು ಕೇಳಿ.

ಸ್ಯಾಕ್-ಬಿ ಕಿತ್ತುಹಾಕಿದೆವು. ಸ್ಯಾಕ್-ಪಿ, ಸ್ಯಾಕ್-ಎ ಉಳಿದಿದ್ದರೆ ಸಕ್ಕರೆಯನ್ನು ಒಳಗೆ ಎಳೆದುಕೊಂಡು ಉಣ್ಣಲು ಅದಕ್ಕೆ ಯಾವ ತೊಂದರೆಯೂ ಇಲ್ಲ. ತೂಕ ಲೀಟರಿಗೆ ಎರಡು ಗ್ರಾಮಿಗೆ ಇಳಿಯಿತು. ಲ್ಯಾಬಿನಲ್ಲಿ ಸೂತಕದ ಕಳೆ. ನನಗೆ ಮಾತ್ರ ಖುಷಿ. ಎರಡೇ ಗ್ರಾಂ ಆದರೂ ಕಿಣ್ವ ಹಾಕಿದರೆ ಪೂರ್ತಿ ಕರಗುತ್ತಿತ್ತು.

ಸಕ್ಕರೆಯೇ ಆಗುವುದಾದರೆ ಬೆಲ್ಲ ಏಕಾಗದು ಎಂದು ಮಂಡ್ಯದ ಕಡೆಯ ಒಂದು ಆಲೆಮನೆಯಿಂದ ಒಂದು ಮೂಟೆ ತರಿಸಿದೆ. ಖನಿಜಗಳು ಪುಕ್ಕಟೆ ಸಿಗುತ್ತವೆ ಎಂಬ ಆಸೆ. ಬಣ್ಣ ಬಿಳಿಚಲೆಂದು ಹೈಡ್ರೋಸ್ ಹಾಕಿದ ಬೆಲ್ಲದಲ್ಲಿ ಬೀಜಸಾರು (ಹೆಪ್ಪಿನಂತೆ ಮೊದಲು ಬೆಳೆಸುವ ಸಾರು) ಮೇಲೇಳಲೇ ಇಲ್ಲ. ಹೈಡ್ರೋಸ್ ಹಾಕದ ಕಪ್ಪು ಬೆಲ್ಲದಲ್ಲಿ ಬೆಳೆ ಸೊಗಸಾಗಿ ಬಂತು, ಆದರೆ ಅಣುತೂಕ ಎರಡು-ಮೂರು ಲಕ್ಷಕ್ಕೆ ಕುಸಿಯಿತು. ಬೆಲ್ಲದ ಕಬ್ಬಿಣವೇ ಕಾರಣ ಎಂಬುದು ನನ್ನ ಅಂದಾಜು. ಕಬ್ಬಿಣವೂ ಗಾಳಿಯೂ ಸೇರಿದರೆ ಎಚ್‌ಎ ಸರಪಳಿ ತುಂಡಾಗುತ್ತದೆಂಬುದು ಹೊಸ ಸಂಗತಿಯೇನಲ್ಲ. ಕಂದು ಬಣ್ಣ ತೆಗೆಯಲು ಸುರಿದ ಕಾರ್ಬನ್ನಿನ ಬೆಲೆ ಉಳಿಸಿದ ಸಕ್ಕರೆಯ ಬೆಲೆಗಿಂತ ಹೆಚ್ಚಾಯಿತು. ಉಳಿದ ಬೆಲ್ಲದಲ್ಲಿ ಲ್ಯಾಬಿನವರೆಲ್ಲ ಒಂದಷ್ಟು ಕಾಲ ಕಾಫಿ ಕುಡಿದೆವು.

168ಕ್ಕೆ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಹೊರಗಿನಿಂದ ಕೊಡಬೇಕೆಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತು. ಆದರೆ ಆಮ್ಲದಲ್ಲಿ ಒಡೆದ ಅಗ್ಗದ ಸೋಯಾ ತಂದಾಗ ಅದು ಯಾರಿಗೂ ನೆನಪಾಗುವುದಿಲ್ಲ. ಆಮ್ಲದ ಕಾವಿಗೆ ಟ್ರಿಪ್ಟೊಫ್ಯಾನ್ ಉಳಿಯುವುದಿಲ್ಲ. ನಾವು ಅದನ್ನು ತಯಾರಿಸಲು ಬೇಕಾದ, 168ರಲ್ಲಿ ಕೆಟ್ಟಿರುವ ಟ್ರಿಪ್-ಸಿ ಜೀನನ್ನೇ ದುರಸ್ತಿ ಮಾಡಿ ಆ ಖರ್ಚನ್ನು ಶಾಶ್ವತವಾಗಿ ಕಳೆದುಕೊಂಡೆವು.

ಇನ್ನು ಫರ್ಮೆಂಟರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಟ್ಯಾಂಕು. ವಿದೇಶಿ ಐದು ಲೀಟರಿನದಕ್ಕೆ ಹದಿನೆಂಟು ಲಕ್ಷ ಹೇಳಿದರು. ಪೀಣ್ಯದಲ್ಲಿ ಒಬ್ಬರು ಸ್ಟೀಲಿನಲ್ಲಿ ಹತ್ತು ಲೀಟರಿನದನ್ನು ಪ್ರೋಬುಗಳೂ ಸೇರಿ ಆರು ಲಕ್ಷದೊಳಗೆ ಕಟ್ಟಿಕೊಟ್ಟರು. ಲೀಟರಿಗೆ ಮೂರು ಗ್ರಾಂ ದಾಟಿದ ಮೇಲೆ ಸಾರು ಬೆಂಡೆಕಾಯಿ ಲೋಳೆಯ ಹಾಗೆ ನೂಲು ಬಿಡುತ್ತದೆ. ಕಲಕುವ ರಶ್‌ಟನ್ ಚಕ್ರದ (ನೇರ ರೆಕ್ಕೆಯದು) ಸುತ್ತ ಒಂದು ಗುಂಡಿ ಮಾತ್ರ ಸುತ್ತುತ್ತದೆ, ಗೋಡೆಯ ಬಳಿ ಏನೂ ಕದಲುವುದಿಲ್ಲ, ಆಮ್ಲಜನಕ ನೆಲ ಕಚ್ಚುತ್ತದೆ. ವೇಗ ಏರಿಸಿದರೆ ನೊರೆ ಎದ್ದು ಗಾಳಿಯ ಫಿಲ್ಟರ್ ತೋಯುತ್ತದೆ. ಎರಡು ಬ್ಯಾಚು ಹಾಗೆಯೇ ಕೊಳೆತವು, ಒಂದು ಕರೆಂಟ್ ಹೋಗಿ ಸತ್ತಿತು. ಕೆಳಗೆ ರಶ್‌ಟನ್ ಉಳಿಸಿ ಮೇಲೆ ಅಗಲವಾದ ಓರೆ ರೆಕ್ಕೆಯ ಚಕ್ರ ಕೂರಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಬೆಳವಣಿಗೆ ಮುಗಿಯುವ ಹೊತ್ತಿಗೆ 37 ಡಿಗ್ರಿಯಿಂದ 32ರ ಸುತ್ತ ಇಳಿಸಿದೆವು. ಇಳುವರಿ ಬರುವುದು ತಡವಾಯಿತು, ಆದರೆ ಅಣುತೂಕ ಎದ್ದು ಕಾಣುವಷ್ಟು ಏರಿತು. ಸಕ್ಕರೆಯನ್ನು ಯಾವಾಗ, ಎಷ್ಟೆಷ್ಟು ಹನಿಸುತ್ತೇವೆ ಎಂಬುದು ನಮ್ಮ ಮನೆಯ ಗುಟ್ಟು. ಎರಡರಿಂದ ಐದು ಗ್ರಾಮಿಗೆ ಹೋದದ್ದು ಮುಖ್ಯವಾಗಿ ಅದರಿಂದಲೇ.

ಶುದ್ಧೀಕರಣದಲ್ಲಿ ಹಣ ಸೋರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಲೋಳೆ ಸಾರಿನಲ್ಲಿ ಸೆಂಟ್ರಿಫ್ಯೂಜ್ ಕೋಶಗಳನ್ನು ಕೆಳಗಿಳಿಸುವುದಿಲ್ಲ, ನಾಲ್ಕೈದು ಪಟ್ಟು ನೀರು ಹಾಕಲೇಬೇಕು. ನೀರು ಹಾಕಿದಷ್ಟೂ ಐಸೊಪ್ರೊಪನಾಲ್ ಹೆಚ್ಚು ಬೇಕು. 2020ರಲ್ಲಿ ಸ್ಯಾನಿಟೈಸರ್ ಭರಾಟೆಯಲ್ಲಿ ಅದರ ಬೆಲೆ ಗಗನಕ್ಕೇರಿದಾಗ ಒಂದು ಡ್ರಮ್ಮಿಗಾಗಿ ನಾನು ಎಷ್ಟು ಜನರ ಕಾಲು ಹಿಡಿದೆನೋ. ಎಥನಾಲ್ ಬಳಸೋಣವೆಂದರೆ ಅಬಕಾರಿ ಪರವಾನಗಿಯ ತಲೆನೋವು. ಈಗ ಮೊದಲು ಅಲ್ಟ್ರಾಫಿಲ್ಟರಿನಲ್ಲಿ ತೊಳೆದು ನೀರು ಹಿಂಡುತ್ತೇವೆ, ಆಮೇಲೆ ಐಸೊಪ್ರೊಪನಾಲ್. ಬಳಸಿದ್ದರಲ್ಲಿ ಮುಕ್ಕಾಲು ಪಾಲು ಬಟ್ಟಿ ಇಳಿಸಿ ಮರಳಿ ಪಡೆಯುತ್ತೇವೆ. ಸಿದ್ಧ ದ್ರಾವಣವನ್ನು ಆಟೋಕ್ಲೇವ್ ಮಾಡುವವರಿಗೆ ಒಂದು ಮಾತು: ಕಾವಿಗೂ ಸರಪಳಿ ತುಂಡಾಗುತ್ತದೆ. 121 ಡಿಗ್ರಿಗೆ ಹಾಕಿದ ಮೇಲೆ ಅಂಟುತನ ಅಳೆಯುವ ಉಬ್ಬೆಲೋಡೆ ವಿಸ್ಕೋಮೀಟರಿನಲ್ಲಿ ಒಮ್ಮೆ ಅಳೆದು ನೋಡಿ, ಆಮೇಲೆ ಹತ್ತು ಲಕ್ಷ ಡಾಲ್ಟನ್ ಎಂದು ಲೇಬಲ್ ಹಚ್ಚಿ.

ನಡುವೆ ಹೆಪರೋಸಾನ್ ಹುಚ್ಚೂ ಹಿಡಿದಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್‌ಗೆ ಅದು ಕಚ್ಚಾವಸ್ತು. 2008ರಲ್ಲಿ ಹಂದಿಯ ಕರುಳಿನ ಹೆಪರಿನ್‌ಗೆ ಅತಿಸಲ್ಫೇಟ್ ಮಾಡಿದ ಕೊಂಡ್ರಾಯ್ಟಿನ್ ಬೆರೆಸಿದ್ದು ಬಯಲಾದ ಮೇಲೆ ಬ್ಯಾಕ್ಟೀರಿಯಾ ದಾರಿ ಹುಡುಕದವರು ಯಾರು? ಈ.ಕೊಲೈ ನಿಸ್ಲೆ ತಳಿಯ ಮೇಲುಹೊದಿಕೆಯೇ ಕೆ-5, ಅಂದರೆ ಹೆಪರೋಸಾನ್. ಜೀನ್ ಮುಟ್ಟುವ ಅಗತ್ಯವೂ ಇಲ್ಲ. ಫ್ಲಾಸ್ಕಿನಲ್ಲಿ ಅರ್ಧ ಗ್ರಾಂ ಸುಲಭವಾಗಿ ಬಂತು. ಈ.ಕೊಲೈ ಹೊರಪೊರೆಯ ವಿಷವಾದ ಎಂಡೊಟಾಕ್ಸಿನ್ ಮಾತ್ರ ಎಷ್ಟು ತೊಳೆದರೂ ಬಿಡಲಿಲ್ಲ. ಅದನ್ನು ಸಲ್ಫೇಟ್ ಮಾಡಿ ಹೆಪರಿನ್ ಮಾಡುವ ಕಿಣ್ವಗಳ ಬೆಲೆ ವಿಚಾರಿಸಿದ ದಿನವೇ ಆ ಕಡತ ಮುಚ್ಚಿದೆ. ಬ್ಯಾಸಿಲಸ್‌ನಲ್ಲಿ ಎಂಡೊಟಾಕ್ಸಿನ್ ಗೋಳೇ ಇಲ್ಲ ಎಂಬುದರ ಬೆಲೆ ಆಗ ತಿಳಿಯಿತು.

ಲೆಕ್ಕಕ್ಕೆ ಬರೋಣ. ಮುಖಕ್ಕೆ ಹಚ್ಚುವ ದರ್ಜೆಯ ಎಚ್‌ಎ ಚೀನಾದಿಂದ ಕಿಲೋಗೆ ಹತ್ತು ಸಾವಿರದ ಆಸುಪಾಸಿನಲ್ಲಿ ಬಂದಿಳಿಯುತ್ತದೆ. ಅಲ್ಲಿ ನಾವು ಪೈಪೋಟಿ ಮಾಡುವುದಿಲ್ಲ, ಮಾಡಲೂಬಾರದು. ಮಂಡಿಗೆ ಚುಚ್ಚುವ, ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಬಳಸುವ ದರ್ಜೆಗೆ ಅದರ ಎಷ್ಟೋ ಪಟ್ಟು ಬೆಲೆ ಇದೆ. ನಮ್ಮ ಖರ್ಚು, ಬಾಡಿಗೆ ಸಂಬಳ ಬಿಟ್ಟು, ಕಿಲೋಗೆ ಇಪ್ಪತ್ತು ಸಾವಿರದೊಳಗಿದೆ. ಒಂದು ಕಂಪನಿಯವರು ಮಾದರಿ ಒಯ್ದು ತಾವೇ ಪರೀಕ್ಷಿಸಿ, ಇನ್ನೂ ಕೊಡಿ ಎಂದಿದ್ದಾರೆ. ಆ ಸಮಿತಿಯ ಹಿರಿಯರಿಗೂ ಒಂದು ಸೀಸೆ ಕಳಿಸಿದ್ದೇನೆ.

ತಳಿ ಬೇಕೆಂದು ಕೆಲವರು ಕೇಳುತ್ತಿದ್ದಾರೆ. ಸ್ಯಾಕ್-ಬಿ ಕಿತ್ತು ಟ್ರಿಪ್-ಸಿ ಸರಿಪಡಿಸಿದ ಖಾಲಿ 168 ಕೊಡುತ್ತೇನೆ, ಹ್ಯಾಸ್-ಎ ಇರುವುದನ್ನು ಕೊಡುವುದಿಲ್ಲ. ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಪತ್ರ ಇರಲಿ. ಡ್ರೈ ಐಸ್, ಕೊರಿಯರ್ ಖರ್ಚು ನಿಮ್ಮದು.